ಹನ್ನೊಂದು ತಿಂಗಳ ಕೂಸಿನ ಕೈಗೆ ಮೈಕ್ ಕೊಟ್ಟವರಾರು?

ಗುಳೇದಗುಡ್ಡದಿಂದ ಬಂದ ಈ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡರಲ್ಲೂ ಸಿಟ್ಟು ಜಾಸ್ತಿ ಆಗಿತ್ತು. ಇದು ಮೂರನೆಯದು. ಇದರಲ್ಲೂ ಸ್ವಲ್ಪ ಉಳಿದಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಬರೆದವರಿಗೆ 52 ವರ್ಷ. ಖಣ ನೇಯುವ ಮನೆ. ಬಾಸೆಲ್ ಮಿಷನ್ನಿನವರು 1851ರಲ್ಲಿ ಆ ಊರಿನಲ್ಲಿ ನೆಲೆ ಮಾಡಿದರಲ್ಲ, ಆ ಕಾಲದಿಂದ ಕ್ರೈಸ್ತ ಮನೆತನ. ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ. ಇಪ್ಪತ್ತು ವರ್ಷ ಕುಡಿದರು, ಹೆಂಡತಿಗೆ ಹೊಡೆದರು. ಹನ್ನೊಂದು ತಿಂಗಳ ಹಿಂದೆ ಬಾಗಲಕೋಟೆಯ ಒಂದು ಪ್ರಾರ್ಥನಾ ಕೂಟದಲ್ಲಿ ಮೊಣಕಾಲೂರಿ ಅತ್ತರು. ಅದನ್ನೇ ತಮ್ಮ 'ಹೊಸ ಹುಟ್ಟು' ಅನ್ನುತ್ತಾರೆ. ಅವತ್ತಿನಿಂದ ಒಂದು ಹನಿ ಮುಟ್ಟಿಲ್ಲ. ಈಗ ಪ್ರತಿ ಭಾನುವಾರ ಅಲ್ಲಿ ಎದ್ದು ನಿಂತು ಸಾಕ್ಷಿ, ಅಂದರೆ ತಾವು ಬದಲಾದ ಕಥೆ, ಹೇಳುತ್ತಾರೆ. ಹೆಂಡತಿಯದು ಇನ್ನೂ ಎಷ್ಟು ಬೇಕೋ ಅಷ್ಟೇ ಮಾತು. ಮದುವೆಯಾದ ಮಗಳು ತವರಿಗೆ ಬರುವುದಿಲ್ಲ. "ದೇವರೇ ಕ್ಷಮಿಸಿದ ಮೇಲೆ ಇವರದೇನು ಅಕ್ಕಾ?" ಅಂತ ಕೇಳಿದ್ದಾರೆ. ಜೊತೆಗೆ ಒಂದು ಭಯ. ಹೋದ ತಿಂಗಳು ಸಂತೆಯ ದಿನ ವೈನ್ ಶಾಪ್ ಮುಂದೆ ಹತ್ತು ನಿಮಿಷ ನಿಂತರಂತೆ. ಒಳಗೆ ಹೋಗಲಿಲ್ಲ. "ಹಂಗಾದ್ರೆ ನನ್ನ ಹೊಸ ಹುಟ್ಟು ಸುಳ್ಳಾ?"

ತಮ್ಮಾ, ಭಯದ ಮಾತು ಮೊದಲು ಮುಗಿಸುತ್ತೇನೆ. ಸುಳ್ಳಲ್ಲ. ಹುಟ್ಟಿದ ಕೂಸು ಅವತ್ತೇ ಎದ್ದು ನಡೆಯುವುದಿಲ್ಲ. ಸತ್ಯವೇದದ, ಅಂದರೆ ಬೈಬಲ್ಲಿನ, ಪೇತ್ರನ ಮೊದಲ ಪತ್ರದಲ್ಲೂ ಹೊಸದಾಗಿ ಹುಟ್ಟಿದವರನ್ನು ಹಾಲಿಗೆ ಹಾತೊರೆಯುವ ಹಸುಗೂಸುಗಳ ಹಾಗೆ ಇರಿ ಅಂತಲೇ ಹೇಳಿದೆ. ಇಪ್ಪತ್ತು ವರ್ಷದ ಚಟ ಮೈಯೊಳಗೆ ಕೂತಿರುತ್ತದೆ. ಅದಕ್ಕೆ ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೂರವೇನಲ್ಲ, ಒಮ್ಮೆ ಹೋಗಿ ಬನ್ನಿ. ದೇವರಿಗೆ ಅವಮಾನ ಆಗುವುದಿಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ಸಾಲು. ನಾಲ್ಕನೇ ಪುಟದ ಕೆಳಗೆ, ಬೇರೇನೋ ಹೇಳುತ್ತಾ ಸುಮ್ನೆ ಬರೆದುಬಿಟ್ಟಿದ್ದೀರಿ: "ಅವಳ ಪಾಟ್ಲಿ ಆರು ವರ್ಷದಿಂದ ಸೊಸೈಟಿಯಲ್ಲಿ ಗಿರವಿ ಅದಾವು, ಬಡ್ಡಿ ಅವಳೇ ಕಟ್ಟುತ್ತಾಳೆ."

ಅಲ್ಲಾ ತಮ್ಮಾ, ಅವಳ ಆ ಚಿನ್ನದ ಬಳೆ ಗಿರವಿ ಇಟ್ಟವರು ಯಾರು? ನೀವು. ಕುಡಿದವರು ಯಾರು? ನೀವು. ಖಣದ ಕುಪ್ಪಸ ಹೊಲಿದು ಬಂದ ಚಿಲ್ಲರೆಯಲ್ಲಿ, ಹರಾಜಿಗೆ ಹೋಗದಿರಲಿ ಅಂತ ಆರು ವರ್ಷ ಬಡ್ಡಿ ಕಟ್ಟಿದವಳು ಅವಳು. ನಿಮ್ಮ ಸತ್ಯವೇದದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಅಂತ ಮೂರು ಮಾತು ಬರುತ್ತದಲ್ಲ. ನಾವು ದಿನಬಳಕೆಯಲ್ಲಿ ನಿರೀಕ್ಷೆ ಎಂದರೆ ಬಸ್ಸಿಗೆ ಕಾಯುವುದು, ಫಲಿತಾಂಶಕ್ಕೆ ಕಾಯುವುದು ಅಂದುಕೊಂಡಿದ್ದೇವೆ. ಪೌಲ ರೋಮಾಪುರದವರಿಗೆ ಬರೆದದ್ದೇ ಬೇರೆ: ಕಣ್ಣಿಗೆ ಕಂಡ ಮೇಲೆ ಅದು ನಿರೀಕ್ಷೆಯಲ್ಲ, ಕಾಣದ್ದಕ್ಕೆ ತಾಳ್ಮೆಯಿಂದ ಕಾಯುವುದು ನಿರೀಕ್ಷೆ. ನಿಮ್ಮ ಮನೆಯಲ್ಲಿ ಅದು ಸೊಸೈಟಿಯ ಬಡ್ಡಿ ರಸೀದಿಯಲ್ಲಿದೆ. ನೀವು ಹುಡುಕಿಕೊಂಡು ಬಾಗಲಕೋಟೆಗೆ ಹೋಗುತ್ತಿದ್ದೀರಿ.

ಅದೇ ಪುಟದಲ್ಲಿ ಇನ್ನೊಂದು ಮಾತಿದೆ. ಕುಡಿತ ಬಿಟ್ಟು ಉಳಿದ ದುಡ್ಡಿನಲ್ಲಿ ಕೂಟಕ್ಕೆ ಸ್ಪೀಕರ್ ಸೆಟ್ ಕೊಡಿಸಿದಿರಂತೆ. ಇಲ್ಲಿ ನನಗೆ ನಿಮಗಿಂತ ನಿಮ್ಮ ಕೂಟ ನಡೆಸುವವರ ಮೇಲೆ ಸಿಟ್ಟು. ಮನೆಯವಳ ಒಡವೆ ಎಲ್ಲಿದೆ ಅಂತ ಕೇಳದೆ ಕಾಣಿಕೆ ತಗೊಂಡರಲ್ಲ! ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ನೊಂದವರ ಜೊತೆ ಒಂದಾಗು ಅಂತ ಯೇಸುಸ್ವಾಮಿ ಬೆಟ್ಟದ ಮೇಲೆ ಹೇಳಿದ್ದು ಅವರಿಗೆ ಗೊತ್ತಿಲ್ಲವಾ? ಕೊಡಿಸಿದ ಸ್ಪೀಕರಿನಲ್ಲೇ ನಿಮ್ಮ ಕೈಯಿಂದ ಪ್ರತಿ ವಾರ "ನಾನು ಹೆಂಡತಿಗೆ ಹೊಡೆಯುತ್ತಿದ್ದೆ" ಅಂತ ಹೇಳಿಸುತ್ತಾರೆ. ಅವಳು ಹೆಂಗಸರ ಸಾಲಿನಲ್ಲಿ ಕೂತಿರುತ್ತಾಳೆ. ಎಲ್ಲರೂ ನಿಮಗೆ "ಹಲ್ಲೆಲೂಯಾ" ಅನ್ನುತ್ತಾರೆ, ಆಮೇಲೆ ತಿರುಗಿ ಅವಳನ್ನು ನೋಡುತ್ತಾರೆ. ಹೆರಿಗೆಯ ಕಥೆ ಹೇಳುವುದು ಕೂಸಲ್ಲ ತಮ್ಮಾ, ನೋವು ತಿಂದವಳು. ಅವಳಿಗೆ ಮನಸ್ಸು ಬಂದಾಗ ಹೇಳಲಿ. ಬರದಿದ್ದರೆ ಬೇಡ.

ಹೊಸ ಹುಟ್ಟಿನ ಮಾತನ್ನು ಮೊದಲು ಕೇಳಿಸಿಕೊಂಡ ನಿಕೊದೇಮನನ್ನೇ ನೋಡಿ. ದೊಡ್ಡ ಪಂಡಿತ, ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಯೇಸುವಿನ ಹತ್ತಿರ ಬಂದ. ಮುದುಕ ಮತ್ತೆ ತಾಯಿಯ ಹೊಟ್ಟೆಗೆ ಹೋಗುವುದು ಹೇಗೆ ಅಂತ ಕೇಳಿದ. ಹೊಸದಾಗಿ ಹುಟ್ಟಬೇಕು ಅಂತ ಯೇಸು ಹೇಳಿದ ಕಡೆ ಇರುವ ಗ್ರೀಕ್ ಮಾತು 'ಅನೋಥೆನ್'. ಅದಕ್ಕೆ 'ಮತ್ತೊಮ್ಮೆ' ಅಂತಲೂ ಅರ್ಥ, 'ಮೇಲಿನಿಂದ' ಅಂತಲೂ ಅರ್ಥ. ಅವನು ಮೊದಲನೆಯದನ್ನು ಹಿಡಿದು ಒದ್ದಾಡಿದ. ಅವತ್ತು ಅವನು ಹೊಸದಾಗಿ ಹುಟ್ಟಿದನಾ? ಈ ಕಥೆ ಹೇಳುವ ಸುವಾರ್ತೆಯಲ್ಲಿ ಯೋಹಾನ ಅದನ್ನು ಬರೆದಿಲ್ಲ. ಸುವಾರ್ತೆಯ ಕೊನೆಯ ಹೊತ್ತಿಗೆ ಅವನು ಮತ್ತೆ ಬರುತ್ತಾನೆ. ಯೇಸುವನ್ನು ಸಮಾಧಿ ಮಾಡುವಾಗ ಸುಗಂಧದ್ರವ್ಯ ಹೊತ್ತು ತರುತ್ತಾನೆ. ಮೂವತ್ತು ಕಿಲೋ ಮೇಲೆ ತೂಕ. ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುವಿನ ಮುಂದೆ ಮಾತಾಡಿದ, ನಿಜ. ಆದರೆ ಏನು ಮಾತಾಡಿದ? ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಈ ಮನೆಗೆ ಇಂದು ರಕ್ಷಣೆ ಬಂತು ಅನ್ನುವ ಯೇಸುವಿನ ಮಾತು ಅದಾದ ಮೇಲೆ ಬಂತು. ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಯಾರಾದರೂ ಬದಲಾಗಿದ್ದೇನೆ ಎಂದರೆ ನಾನು ಮೊದಲು ಲೆಕ್ಕದ ಪುಸ್ತಕ ಕೇಳುತ್ತೇನೆ.

ಮಗಳ ವಿಷಯ ಈಗ ಬೇಡ. ಅವಳಿಗೆ ಫೋನ್ ಮಾಡಿ ಒತ್ತಾಯ ಮಾಡಬೇಡಿ.

ಮಾಡಬೇಕಾದ್ದು ಒಂದೇ. ನಾಳೆ ಸೊಸೈಟಿಗೆ ಹೋಗಿ ಅಸಲು ಎಷ್ಟು ಉಳಿದಿದೆ ಕೇಳಿ. ಮಗ್ಗದ ಕೂಲಿಯಿಂದ ವಾರ ವಾರ ಕಟ್ಟಿ. ಅದು ತೀರುವವರೆಗೆ ಕೂಟದಲ್ಲಿ ಎದ್ದು ನಿಲ್ಲಬೇಡಿ, ಸುಮ್ನೆ ಕೂತು ಹಾಡಿ. ಪಾಟ್ಲಿ ಬಿಡಿಸಿ ತಂದ ದಿನ "ನೋಡು, ತಂದಿದ್ದೀನಿ" ಅಂತ ಹೇಳಬೇಡಿ, ಕಣ್ಣಲ್ಲಿ ನೀರು ತರಬೇಡಿ, ಕ್ಷಮಿಸಿದೆಯಾ ಅಂತ ಕೇಳಲೇಬೇಡಿ. ಅವಳ ಹೊಲಿಗೆ ಮಷಿನ್ ಮೇಲೆ ಇಟ್ಟು, ಅವಳು ಆರು ವರ್ಷ ಕಟ್ಟಿದ ಬಡ್ಡಿಯ ದುಡ್ಡನ್ನೂ ಪಕ್ಕಕ್ಕಿಟ್ಟು, ನೇಯಲು ಹೋಗಿ.