ಮಗಳ ತಟ್ಟೆಗಿಂತ ಮುಂಚೆ ಅಪ್ಪನ ತಟ್ಟೆ ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ತರಕಾರಿ ಕಂಡ್ರೆ ಬಾಯಿ ಬಿಗಿ ಹಿಡ್ಕೊಂಡು ಕೂತ್ಬಿಡ್ತಾಳೆ. ಫೋನಲ್ಲಿ ವಿಡಿಯೋ ಹಾಕಿದ್ರೆ ನಾಲ್ಕು ತುತ್ತು ಇಳಿಯುತ್ತೆ, ಇಲ್ಲಾಂದ್ರೆ ಇದನ್ನ ತಿಂದ್ರೆ ಚಾಕಲೇಟ್ ಕೊಡ್ತೀನಿ ಅನ್ಬೇಕು. ನಮ್ಮ ಯಜಮಾನ್ರೂ ಅಷ್ಟೇ, ತರಕಾರಿ ಹೋಳೆಲ್ಲ ಆರಿಸಿ ತಟ್ಟೆ ಅಂಚಲ್ಲಿ ಸಾಲಾಗಿ ಇಟ್ಟಿರ್ತಾರೆ. ಅತ್ತೆ ಬೇರೆ, ಪಾಪ ಮಗು ಹಸ್ಕೊಂಡಿದೆ ಅಂತ ಊಟಕ್ಕೆ ಅರ್ಧ ಗಂಟೆ ಇದ್ದಂಗೆ ಬಿಸ್ಕೆಟ್ ಕೊಡ್ತಾರೆ. ನಾನು ಕೆಲಸ ಮುಗಿಸ್ಕೊಂಡು ಬರೋದೇ ಸಂಜೆ, ಜಗಳಕ್ಕೆ ತ್ರಾಣ ಇರಲ್ಲ. ತಪ್ಪು ನಂದೇನಾ?

ಉತ್ತರ: ನಿಮ್ಮೊಬ್ಬರದ್ದಂತೂ ಅಲ್ಲವೇ ಅಲ್ಲ ಕಣಮ್ಮ. ನಿಮ್ಮ ಪತ್ರದಲ್ಲಿ ನಂಗೆ ಕಣ್ಣಿಗೆ ಕಟ್ಟಿದ್ದು ಆ ತಟ್ಟೆ ಅಂಚಿನ ಹೋಳುಗಳ ಸಾಲು. ನಿಮ್ಮ ಮಗಳು ದಿನಾ ಎದುರಿಗೆ ಕೂತು ಅದನ್ನೇ ನೋಡ್ತಿದಾಳೆ, ಅಪ್ಪನಿಗೆ ಬೇಡದ್ದು ನಂಗ್ಯಾಕೆ ಅಂತ ಅವಳ ಲೆಕ್ಕ, ಲೆಕ್ಕ ಸರಿಯಾಗೇ ಇದೆ ಬಿಡಿ. ಹಾಗಾಗಿ ಮೊದಲು ಮಾತಾಡ್ಬೇಕಿರೋದು ಯಜಮಾನರ ಹತ್ರ, ಅವಳೆದುರಿಗೆ ಎರಡೇ ಎರಡು ಹೋಳು ಮುಖ ಕಿವುಚದೆ ತಿನ್ನಿ ಸಾಕು ಅಂತ ಹೇಳಿ.

ಇನ್ನು ವಯಸ್ಸಿನ ವಿಷಯ. 2ರಿಂದ 6 ವರ್ಷದ ಮಕ್ಕಳು ಹೊಸ ರುಚಿಗೆ ಹೆದರೋದು ಸಹಜ, ಅದು ಹಟ ಅಲ್ಲ. ಒಂದು ತರಕಾರಿ ಒಗ್ಗೋಕೆ 8–10 ಸಲ, ಕೆಲವು ಮಕ್ಕಳಿಗೆ 15 ಸಲ ರುಚಿ ನೋಡ್ಬೇಕಾಗುತ್ತೆ, ನಾವು ಮೂರನೇ ಸಲಕ್ಕೇ 'ಇವಳಿಗೆ ಸೇರಲ್ಲ' ಅಂತ ಷರಾ ಬರೆದು ಕೈ ತೊಳ್ಕೊಂಡ್ಬಿಡ್ತೀವಿ. ಒಂದು ಚಿಕ್ಕ ಹೋಳು ಹಾಕಿ, ನೆಕ್ಕಿ ಬಿಟ್ರೂ ಪರವಾಗಿಲ್ಲ, ಏನೂ ಅನ್ನದೆ ತಟ್ಟೆ ಎತ್ತಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಹಾಕಿ.

ಚಾಕಲೇಟ್ ಲಂಚ ಮಾತ್ರ ಇವತ್ತೇ ನಿಲ್ಲಿಸಿ. ಅಮೆರಿಕದಲ್ಲಿ ಲಿಯಾನ್ ಬರ್ಚ್ ಅನ್ನೋ ಸಂಶೋಧಕಿ 1980ರ ದಶಕದಲ್ಲೇ ಪುಟ್ಟ ಮಕ್ಕಳ ಜೊತೆ ಪ್ರಯೋಗ ಮಾಡಿ ನೋಡಿದ್ರು, ಒಂದು ಪಾನೀಯ ಕುಡಿದ್ರೆ ಬಹುಮಾನ ಅಂದಾಗ ಮಕ್ಕಳಿಗೆ ಆ ಪಾನೀಯದ ಮೇಲಿದ್ದ ಇಷ್ಟ ಕಮ್ಮಿ ಆಯ್ತು. ಲಂಚ ಕೊಟ್ಟು ತಿನ್ನಿಸ್ತಾರೆ ಅಂದ್ಮೇಲೆ ಇದು ಕೆಟ್ಟದ್ದೇ ಇರ್ಬೇಕು ಅಂತ ಮಗುಗೂ ಗೊತ್ತಾಗುತ್ತಲ್ವಾ. ಫೋನೂ ಹಾಗೇ, ಕಣ್ಣು ವಿಡಿಯೋದಲ್ಲಿದ್ರೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ, ತಿಂದದ್ದು ಏನು ಅಂತಾನೂ ಗೊತ್ತಾಗಲ್ಲ.

ಎಲಿನ್ ಸ್ಯಾಟರ್ ಅನ್ನೋ ಆಹಾರ ತಜ್ಞೆ ಒಂದು ಹಂಚಿಕೆ ಹೇಳ್ತಾರೆ, ನಂಗೆ ತುಂಬ ಹಿಡಿಸಿದ್ದು: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡೋರ ಕೆಲಸ, ತಿನ್ನೋದಾ ಬೇಡ್ವಾ, ಎಷ್ಟು ಅನ್ನೋದು ಮಗುವಿನ ಕೆಲಸ. ನಾವು ನಮ್ಮ ಕೆಲಸ ಬಿಟ್ಟು ಅದರ ಕೆಲಸಕ್ಕೆ ಕೈ ಹಾಕ್ತೀವಿ, ರಂಪ ಶುರುವಾಗೋದೇ ಅಲ್ಲಿ.

ಅತ್ತೆ ಜೊತೆ ಜಗಳ ಬೇಡ. ಅವ್ರಿಗೆ ಮೊಮ್ಮಗಳಿಗೆ ತಮ್ಮ ಕೈಯಾರೆ ಏನಾದ್ರೂ ಕೊಡ್ಬೇಕು ಅಂತ ಆಸೆ, ಅಷ್ಟೇ. ಬಿಸ್ಕೆಟ್ ಡಬ್ಬ ಮನೇಲಿದ್ರೆ ತಾನೇ? ಹಣ್ಣು ಹೆಚ್ಚಿ ಕೊಡೋ ಕೆಲಸ ಅವ್ರಿಗೇ ವಹಿಸಿ, ಊಟಕ್ಕೆ ಎರಡು ಗಂಟೆ ಮುಂಚೆ ಅಂತ ಟೈಮ್ ಫಿಕ್ಸ್ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ 2–5 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 250 ಗ್ರಾಂ ತರಕಾರಿ ಹಣ್ಣು ಬೇಕು, ಎರಡೂ ಸೇರಿ, ಹಾಗಾಗಿ ಅತ್ತೆ ಕೊಡೋ ಹಣ್ಣೂ ಲೆಕ್ಕಕ್ಕೆ ಬರುತ್ತೆ. ಸಂಜೆ ನೀವು ಸುಸ್ತಾಗಿರ್ತೀರಿ, ಅವಳಿಗೋಸ್ಕರ ಬೇರೆ ಅಡುಗೆ ಮಾಡೋ ಗೋಜೇ ಬೇಡ, ಎಲ್ರೂ ಒಟ್ಟಿಗೆ ಕೂತು ಒಂದೇ ಊಟ ಮಾಡಿ, ಟಿವಿ ಆಫ್.

ಪ್ರಶ್ನೆ: ಮಗನಿಗೆ 2 ವರ್ಷ, ದಿನಕ್ಕೆ ಒಂದು ಲೀಟರ್ ಹಾಲು ಬಾಟಲಲ್ಲಿ ಕುಡೀತಾನೆ, ಊಟ ಮುಟ್ಟಲ್ಲ. ಹಾಲು ಒಳ್ಳೇದೇ ಅಲ್ವಾ ಅಂತ ಸುಮ್ನಿದೀವಿ, ಸರೀನಾ?

ಉತ್ತರ: ಸರಿಯಲ್ಲ ಸಾರ್. ಒಂದು ಲೀಟರ್ ಹಾಲು ಒಳಗಿದ್ರೆ ಊಟಕ್ಕೆ ಜಾಗ ಎಲ್ಲಿ? ಈ ವಯಸ್ಸಲ್ಲಿ ಅರ್ಧ ಲೀಟರ್ ಒಳಗೇ ಇರ್ಲಿ. ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ, ಹಾಲಲ್ಲೇ ಹೊಟ್ಟೆ ತುಂಬಿಸ್ಕೊಳ್ಳೋ ಮಕ್ಕಳಲ್ಲಿ ರಕ್ತಹೀನತೆ ಕಾಣಿಸ್ಕೊಳ್ಳೋದು ಹೊಸದೇನಲ್ಲ, ಡಾಕ್ಟರ್ ಹತ್ರ ಹೋಗಿ ಹಿಮೋಗ್ಲೋಬಿನ್ ಟೆಸ್ಟ್ ಒಂದು ಮಾಡಿಸ್ಬಿಡಿ. ಬಾಟಲ್ ಬಿಡಿಸಿ ಲೋಟಕ್ಕೆ ಹಾಕಿ, ಊಟ ಆದ್ಮೇಲೆ ಕೊಡಿ. ರಾತ್ರಿ ಬಾಟಲ್ ಮೊದಲು ನಿಲ್ಲಿಸಿ, ಹಲ್ಲಿಗೂ ಅದು ಕೆಟ್ಟದ್ದು. ಒಂದೆರಡು ರಾತ್ರಿ ಅಳ್ತಾನೆ, ಆ ಎರಡು ರಾತ್ರಿ ನೀವೇ ಎತ್ಕೊಂಡು ಓಡಾಡಿ, ಅಮ್ಮನ್ನ ಮಲಗೋಕೆ ಬಿಡಿ.