ಕೆಡದ ರೂಟರನ್ನು ಬದಲಿಸಬೇಕೇ?

ಪ್ರಶ್ನೆ: ನಮ್ಮ ಮನೆಯ ವೈಫೈ ರೂಟರ್ 2012ರಲ್ಲಿ ಕೊಂಡದ್ದು, ಈವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಈಚೆಗೆ ಸೆಕೆಂಡಿಗೆ 200 ಮೆಗಾಬಿಟ್ ವೇಗದ ಸಂಪರ್ಕ ಪಡೆದೆವು. ರೂಟರಿನ ಮೇಲೆ 300 ಎಂದು ಬರೆದಿದ್ದರೂ, ಕೇಬಲ್ ಜೋಡಿಸಿ ಪರೀಕ್ಷಿಸಿದಾಗಲೂ ವೇಗ 95ನ್ನು ದಾಟುವುದಿಲ್ಲ. ಒಳಕೋಣೆಯಲ್ಲಂತೂ ವಿಡಿಯೊ ಕರೆ ತಡೆತಡೆದು ಬರುತ್ತದೆ. ಚೆನ್ನಾಗಿರುವ ಉಪಕರಣವನ್ನು ಬದಲಿಸುವುದು ಸರಿಯೇ?

ಉತ್ತರ: ಬದಲಿಸುವುದು ಸರಿ, ಆದರೆ ನೀವು ಹೇಳಿರುವ ಎರಡು ತೊಂದರೆಗಳಿಗಿಂತ, ನೀವು ಹೇಳದೆ ಬಿಟ್ಟಿರುವ ಇನ್ನೊಂದು ಸಂಗತಿಯೇ ಅದಕ್ಕೆ ಮುಖ್ಯ ಕಾರಣ.

ಮೊದಲು ವೇಗದ ವಿಚಾರ. ಪರೀಕ್ಷೆಯನ್ನು ಕೇಬಲ್ ಜೋಡಿಸಿ ಮಾಡಿದ್ದು ಒಳ್ಳೆಯದಾಯಿತು, ಏಕೆಂದರೆ 95 ಎಂಬ ಅಂಕಿಯೇ ದೋಷ ಎಲ್ಲಿದೆ ಎಂದು ತೋರಿಸುತ್ತದೆ. ನಿಮ್ಮ ರೂಟರಿನ ಕೇಬಲ್ ಪೋರ್ಟುಗಳು 100 ಮೆಗಾಬಿಟ್‌ನವಾಗಿರಬೇಕು. ಅದರ ಮೇಲೆ ಬರೆದಿರುವ 300 ವೈಫೈ ಸಂಕೇತದ ಗರಿಷ್ಠ ಲೆಕ್ಕವೇ ಹೊರತು ಕೈಗೆ ಸಿಗುವ ವೇಗವಲ್ಲ. ಹೊರಗಿನ ಸಂಪರ್ಕವೆಲ್ಲ ಆ ಪೋರ್ಟಿನ ಮೂಲಕವೇ ಬರಬೇಕಾದ್ದರಿಂದ ವೈಫೈ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ಹಾಗೆಂದು ಇದೊಂದಕ್ಕಾಗಿಯೇ ರೂಟರ್ ಬದಲಿಸಿ ಎಂದು ನಾನು ಹೇಳುತ್ತಿರಲಿಲ್ಲ. ಸಾಮಾನ್ಯ ಮನೆಯೊಂದರ ಬಳಕೆಗೆ 95 ಸಾಕು. ಹಳೆಯ ಯೋಜನೆಗೇ ಮರಳಿದ್ದರೂ ನಡೆಯುತ್ತಿತ್ತು.

ಇನ್ನು ನೀವು ಬಿಟ್ಟ ಸಂಗತಿ: ರೂಟರಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕೊನೆಯ ಬಾರಿ ನವೀಕರಣಗೊಂಡದ್ದು ಯಾವಾಗ? ಉಪಕರಣದ ತಳಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ. ಅಷ್ಟು ಹಳೆಯ ಮಾದರಿಗೆ ನವೀಕರಣ ನಿಂತು ವರ್ಷಗಳೇ ಕಳೆದಿರುವ ಸಾಧ್ಯತೆ ಹೆಚ್ಚು. ಹಾಗಾದ ಮೇಲೆ ಬೆಳಕಿಗೆ ಬರುವ ಯಾವ ಭದ್ರತಾ ಲೋಪವನ್ನೂ ಯಾರೂ ಮುಚ್ಚುವುದಿಲ್ಲ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಕನಿಷ್ಠ 5 ಲಕ್ಷ ರೂಟರುಗಳನ್ನೂ ಸಂಗ್ರಹ ಸಾಧನಗಳನ್ನೂ ಹೊಕ್ಕಿತ್ತು. ಇಂಥ ಸೋಂಕು ತಗಲಿದ ರೂಟರ್ ಎಂದಿನಂತೆಯೇ ಕೆಲಸ ಮಾಡುತ್ತಿರಬಹುದು. ಆದ್ದರಿಂದ 'ಕೈಕೊಟ್ಟಿಲ್ಲ' ಎಂಬುದು ಸುರಕ್ಷತೆಗೆ ಸಾಕ್ಷಿಯಾಗದು. ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ತಂತ್ರಾಂಶವನ್ನು ಹಾಕಿ ಹಳೆಯದಕ್ಕೆ ಜೀವ ತುಂಬುವ ದಾರಿಯೂ ಇದೆ. ಆದರೆ ಅಂದಿನ ಅಗ್ಗದ ಮಾದರಿಗಳಲ್ಲಿ ಅನೇಕಕ್ಕೆ ಅದರ ಈಗಿನ ಆವೃತ್ತಿಗೆ ಬೇಕಾದಷ್ಟು ಸ್ಮೃತಿ (ಮೆಮೊರಿ) ಇಲ್ಲ.

ಒಳಕೋಣೆಯ ತೊಂದರೆ ಹೊಸ ರೂಟರಿನಿಂದ ನೀಗುತ್ತದೆಂದು ಭರವಸೆ ಕೊಡಲಾರೆ. ಹೊಸವುಗಳ 5 ಗಿಗಾಹರ್ಟ್ಸ್ ತರಂಗಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ 2.4 ಗಿಗಾಹರ್ಟ್ಸ್‌ಗಿಂತ ಕಡಿಮೆ. ಕೊಳ್ಳುವ ಮುನ್ನ ಈಗಿರುವುದನ್ನೇ ಮನೆಯ ನಡುಭಾಗದಲ್ಲಿ ಎತ್ತರಕ್ಕಿಟ್ಟು ನೋಡಿ. ಆಗಲೂ ಕರೆ ತಡೆದರೆ, ಆ ಕೋಣೆಗೆ ಕೇಬಲ್ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲಿನಿಂದ ಬಂದ ಸಂಪರ್ಕವನ್ನು ವೈಫೈಯಾಗಿ ಹರಡುವ ಪೆಟ್ಟಿಗೆ, ಇಡುವುದೇ ಖಚಿತ ಪರಿಹಾರ.

ಕೊಳ್ಳುವಾಗ ಗಿಗಾಬಿಟ್ (1000 ಮೆಗಾಬಿಟ್) ಪೋರ್ಟು, ವೈಫೈ 6 ಪೀಳಿಗೆಯ ವೈಫೈ, ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ವ್ಯವಸ್ಥೆ ಇರಲಿ. ನವೀಕರಣ ಎಷ್ಟು ವರ್ಷ ಸಿಗುತ್ತದೆಂದು ತಯಾರಕರು ಬರೆದು ತಿಳಿಸಿರುವ ಮಾದರಿಗೆ ಆದ್ಯತೆ ಕೊಡಿ. ಆಂಟೆನಾಗಳ ಸಂಖ್ಯೆಗೆ ಮರುಳಾಗಬೇಡಿ. ನಿಮ್ಮ ಫೋನು, ಲ್ಯಾಪ್‌ಟಾಪುಗಳು ಅದರ ಮುಂದಿನ ಪೀಳಿಗೆಯಾದ ವೈಫೈ 7 ಬಳಸಲಾರವಾದರೆ ಅದಕ್ಕೆ ಹೆಚ್ಚು ಹಣ ತೆರಬೇಕಿಲ್ಲ. ಹಳೆಯದನ್ನು ಇ-ತ್ಯಾಜ್ಯಕ್ಕೆ ಕೊಡುವ ಮೊದಲು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಅದರಲ್ಲಿ ಉಳಿದಿರುವ ಪಾಸ್‌ವರ್ಡುಗಳನ್ನು ಅಳಿಸಿಬಿಡಿ.