ಓದುಗರ ಪ್ರಶ್ನೆ: ಕೆನಡಾ ಮಾಹಿತಿ ಸಭೆಯಲ್ಲಿ ಕೇಳಿದ್ದನ್ನು ಎಷ್ಟು ನಂಬಬಹುದು?

ಕೆನಡಾ ವಲಸೆ, ಅಲ್ಲಿನ ಪಿಆರ್ (ಕಾಯಂ ವಾಸದ ಹಕ್ಕು) ಬಗ್ಗೆ ಉಚಿತ ಮಾಹಿತಿ ಸಭೆ, ವೆಬಿನಾರ್‌ಗಳಿಗೆ ಹೋಗಿ ಬಂದವರೂ ಹೋಗಲು ಹೊರಟವರೂ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಹೋಟೆಲಿನ ಸಭಾಂಗಣದಲ್ಲಿ 'ಕೆನಡಾ ಪಿಆರ್: ಉಚಿತ ಮಾಹಿತಿ ಶಿಬಿರ' ಎಂಬ ಜಾಹೀರಾತು ನೋಡಿದೆ. ಇದನ್ನು ನಡೆಸುವುದು ಅಲ್ಲಿನ ಸರ್ಕಾರವೇ? ಮಾತಾಡುವವರ ಅರ್ಹತೆ ತಿಳಿಯುವುದು ಹೇಗೆ?

ಇಂಥವು ಸಾಮಾನ್ಯವಾಗಿ ಖಾಸಗಿಯವರ ಸಭೆಗಳು. ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿ, ಪ್ರಾಂತ್ಯ ಸರ್ಕಾರಗಳು, ತನ್ನದೇ ಆಯ್ಕೆ ಪದ್ಧತಿ ಇಟ್ಟುಕೊಂಡಿರುವ ಕ್ವಿಬೆಕ್, ಇವೆಲ್ಲ ಮಾಹಿತಿ ಸಭೆ ನಡೆಸುವುದುಂಟು. ಆದರೆ ಅಲ್ಲಿ ಶುಲ್ಕವಿರುವುದಿಲ್ಲ, 'ಇವತ್ತೇ ಫೈಲ್ ಓಪನ್ ಮಾಡಿ' ಎನ್ನುವವರೂ ಇರುವುದಿಲ್ಲ. ಸರ್ಕಾರಿ ಸಭೆಯ ಲಕ್ಷಣವೇ ಸ್ವಲ್ಪ ನೀರಸ: ನಿಯಮ ಹೇಳುತ್ತಾರೆ, ನಿಮಗೆ ಸಿಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಖಾಸಗಿ ಸಭೆ ಎಂದ ಮಾತ್ರಕ್ಕೆ ಮೋಸ ಅಂತಲ್ಲ. ದುಡ್ಡು ತೆಗೆದುಕೊಂಡು ಕೆನಡಾ ವಲಸೆಯ ಸಲಹೆ ಕೊಡಲು ಮೂರೇ ಬಗೆಯವರಿಗೆ ಹಕ್ಕಿದೆ: ಅಲ್ಲಿನ ವಕೀಲರ ಸಂಘಗಳಲ್ಲಿ ನೋಂದಾಯಿತರಾದ ವಕೀಲರು ಹಾಗೂ ಪ್ಯಾರಾಲೀಗಲ್‌ಗಳು, ಕ್ವಿಬೆಕ್‌ನ ನೋಟರಿಗಳು, ಮತ್ತು ಆರ್‌ಸಿಐಸಿ ಎಂಬ ಪರವಾನಗಿ ಪಡೆದ ಸಲಹೆಗಾರರು. ಆರ್‌ಸಿಐಸಿಗಳನ್ನು ನಿಯಂತ್ರಿಸುವ ಕಾಲೇಜ್ ಆಫ್ ಇಮಿಗ್ರೇಷನ್ ಆ್ಯಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ 2021ರ ನವೆಂಬರ್‌ನಲ್ಲಿ ಕೆಲಸ ಆರಂಭಿಸಿತು. ಅದರ ಸಾರ್ವಜನಿಕ ರಿಜಿಸ್ಟರ್ ಆನ್‌ಲೈನ್‌ನಲ್ಲಿದೆ. ಭಾಷಣ ಮಾಡಿದವರ ಹೆಸರು, 'ಆರ್' ಅಕ್ಷರದಿಂದ ಶುರುವಾಗುವ ಅವರ ಪರವಾನಗಿ ಸಂಖ್ಯೆ ಕೇಳಿಕೊಂಡು ಬನ್ನಿ. ರಿಜಿಸ್ಟರಿನಲ್ಲಿ ಹೆಸರು ಇದ್ದರೆ ಸಾಲದು, ಪರವಾನಗಿ ಈಗ ಚಾಲ್ತಿಯಲ್ಲಿದೆಯೇ ಎಂದೂ ನೋಡಿ. ಅಮಾನತಾದವರ ಹೆಸರೂ ಅಲ್ಲೇ ಇರುತ್ತದೆ. 'ನಮ್ಮ ಆರ್‌ಸಿಐಸಿ ಟೊರಾಂಟೋದಲ್ಲಿದ್ದಾರೆ' ಎಂದರೆ, ಸಲಹೆಯ ಒಪ್ಪಂದಕ್ಕೆ ಸಹಿ ಹಾಕುವವರು ಅವರೇನಾ ಎಂದು ಕೇಳಿ. ಅರ್ಜಿಯ ಜೊತೆ ಐಎಂಎಂ 5476 ಎಂಬ ಪ್ರತಿನಿಧಿ ನಮೂನೆಯಲ್ಲಿ ಅವರ ಹೆಸರು ಬರಬೇಕು. ಆ ನಮೂನೆ ಬೇಡ, ನೀವೇ ಹಾಕಿದಂತೆ ತೋರಿಸೋಣ ಎಂದರೆ ಅಲ್ಲಿಂದ ಎದ್ದುಬನ್ನಿ. ಇಂಥವರಿಗೆ ಅಲ್ಲಿ 'ಘೋಸ್ಟ್ ಕನ್ಸಲ್ಟೆಂಟ್' ಎಂಬ ಹೆಸರೇ ಇದೆ. ಇವರು ಮಾಡುವ ಇನ್ನೊಂದು ಕೆಲಸ, ನಿಮ್ಮ ಅರ್ಜಿಯ ಆನ್‌ಲೈನ್ ಖಾತೆಗೆ ತಮ್ಮ ಇಮೇಲ್ ಕೊಡುವುದು. ಇಲಾಖೆಯ ಪತ್ರ ಬಂದದ್ದೇ ನಿಮಗೆ ಗೊತ್ತಾಗದೆ ಗಡುವು ಕಳೆದಿರುತ್ತದೆ.

ಪ್ರಶ್ನೆ: 67 ಅಂಕ ಬಂದರೆ ಪಿಆರ್ ಖಚಿತ ಎಂದು ಸಭೆಯಲ್ಲಿ ಹೇಳಿದರು. ನನಗೆ 72 ಬರುತ್ತದೆ. ಆದರೆ ಗೆಳೆಯನೊಬ್ಬ 500 ಬೇಕು ಅನ್ನುತ್ತಾನೆ. ಯಾರ ಮಾತು ಸರಿ?

ಗೆಳೆಯ ಸತ್ಯಕ್ಕೆ ಹತ್ತಿರವಿದ್ದಾನೆ. ನಿಮ್ಮಿಬ್ಬರ ಲೆಕ್ಕ ಬೇರೆ ಬೇರೆ, ಸಭೆಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದೂ ಇಲ್ಲೇ.

67 ಎಂಬುದು ಫೆಡರಲ್ ಸ್ಕಿಲ್ಡ್ ವರ್ಕರ್ ಕಾರ್ಯಕ್ರಮಕ್ಕೆ 100ರಲ್ಲಿ ಬೇಕಾದ ಕನಿಷ್ಠ ಅಂಕ: ಭಾಷೆಗೆ 28, ಓದಿಗೆ 25, ಅನುಭವಕ್ಕೆ 15, ವಯಸ್ಸಿಗೆ 12, ಮೊದಲೇ ಸಿಕ್ಕ ಕೆಲಸಕ್ಕೆ 10, ಹೊಂದಿಕೊಳ್ಳುವ ಸಾಮರ್ಥ್ಯಕ್ಕೆ 10. ಇದು ಬಾಗಿಲೊಳಗೆ ಬಿಡುವ ಟಿಕೆಟ್, ಅಷ್ಟೆ. ಒಳಗೆ, ಅಂದರೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆಯ್ಕೆ ಪದ್ಧತಿಗೆ, ಹೋದ ಮೇಲೆ ಎಲ್ಲರನ್ನೂ 1,200 ಅಂಕಗಳ ಸಿಆರ್‌ಎಸ್ ಎಂಬ ಶ್ರೇಣಿ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿ ಸುತ್ತು ಸುತ್ತಾಗಿ ಮೇಲಿನಿಂದ ಕರೆಯುತ್ತಾರೆ. ಆ ಕರೆಯೇ ಇನ್ವಿಟೇಷನ್. 2025ರಲ್ಲಿ, ಕೆನಡಾದಲ್ಲೇ ಕೆಲಸ ಮಾಡಿದವರಿಗಾಗಿ ನಡೆದ ಸುತ್ತುಗಳಲ್ಲಿ ಕೂಡ ಕಟ್-ಆಫ್ 500ಕ್ಕಿಂತ ಮೇಲೇ ಇತ್ತು.

ಒಂದು ಲೆಕ್ಕ ಹಾಕೋಣ. ವಯಸ್ಸು 29, ಮದುವೆಯಾಗಿಲ್ಲ, ಸ್ನಾತಕೋತ್ತರ ಪದವಿ, ಕೆನಡಾದ ಹೊರಗೆ ಮೂರು ವರ್ಷದ ಅನುಭವ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ಟ್ರೈನಿಂಗ್ ಬಗೆಯಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲಿ ತಲಾ 7, ಅಂದರೆ ಕೆನಡಾದ ಭಾಷಾ ಮಟ್ಟದ ಅಳತೆ ಸಿಎಲ್‌ಬಿಯಲ್ಲಿ 9. ವಯಸ್ಸಿಗೆ 110, ಪದವಿಗೆ 135, ಭಾಷೆಗೆ 124. ಓದು-ಭಾಷೆ ಎರಡೂ ಚೆನ್ನಾಗಿದ್ದರೆ ಹೆಚ್ಚುವರಿಯಾಗಿ ಸಿಗುವ ಜೋಡಿ ಅಂಕ 50, ಅನುಭವ-ಭಾಷೆ ಜೋಡಿಗೆ ಇನ್ನೊಂದು 50. ಒಟ್ಟು 469. ಈಗ ಲಿಸನಿಂಗ್ ಮಾತ್ರ 7.5 ಬಂತು ಎಂದಿಟ್ಟುಕೊಳ್ಳಿ. ಭಾಷೆಯಲ್ಲಿ ಹೋಗುವುದು 8 ಅಂಕ. ಆದರೆ ನಾಲ್ಕೂ ವಿಭಾಗ 9ರ ಮಟ್ಟದಲ್ಲಿ ಇಲ್ಲವಾದ್ದರಿಂದ ಆ ಎರಡು ಜೋಡಿಗಳೂ 25ಕ್ಕೆ ಇಳಿಯುತ್ತವೆ. ಒಟ್ಟು 411! ಅರ್ಧ ಬ್ಯಾಂಡಿಗೆ 58 ಅಂಕ. ಅದಕ್ಕೇ ಹೇಳುವುದು, ಸಭೆಗೆ ಕೊಡುವ ಸಮಯಕ್ಕಿಂತ ಹೆಚ್ಚಿನದನ್ನು ಪರೀಕ್ಷೆಯ ತಯಾರಿಗೆ ಕೊಡಿ. ಮತ್ತೆ, ಅಕಾಡೆಮಿಕ್ ಪರೀಕ್ಷೆಯ ಫಲಿತಾಂಶ ಇಲ್ಲಿ ನಡೆಯುವುದಿಲ್ಲ, ಜನರಲ್ ಟ್ರೈನಿಂಗೇ ಆಗಬೇಕು. ಅದರ ಆಯುಷ್ಯ ಎರಡು ವರ್ಷ.

469 ಬಂದರೂ ಸಾಲದು ಎಂದಾದರೆ ದಾರಿ ಎರಡು. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ 600 ಅಂಕ ಸೇರುತ್ತದೆ. ಇಲ್ಲವೇ ಫ್ರೆಂಚ್. ಇಂಗ್ಲಿಷ್ ಜೊತೆಗೆ ಫ್ರೆಂಚಿನಲ್ಲೂ ನಾಲ್ಕೂ ವಿಭಾಗದಲ್ಲಿ 7ನೇ ಮಟ್ಟ ಮುಟ್ಟಿದರೆ 62 ಅಂಕ ಕೂಡುವುದಲ್ಲದೆ, ಫ್ರೆಂಚ್ ಬಲ್ಲವರ ಪ್ರತ್ಯೇಕ ಸುತ್ತಿಗೂ ಅರ್ಹರಾಗುತ್ತೀರಿ. 2025ರ ಮಾರ್ಚ್ 21ರ ಅಂಥ ಸುತ್ತಿನಲ್ಲಿ ಕಟ್-ಆಫ್ 379ಕ್ಕೆ ಇಳಿದಿತ್ತು. 'ಆರು ತಿಂಗಳಲ್ಲಿ ಫ್ರೆಂಚ್ ಕಲಿಸುತ್ತೇವೆ' ಎನ್ನುವ ತರಗತಿಗಳನ್ನು ಮಾತ್ರ ಅನುಮಾನದಿಂದ ನೋಡಿ. ಸೊನ್ನೆಯಿಂದ ಆ ಮಟ್ಟಕ್ಕೆ ಏರುವುದು ದಿನವೂ ಬೆವರು ಸುರಿಸುವ ಕೆಲಸ.

ಪ್ರಶ್ನೆ: ಕೆನಡಾ ಕಂಪನಿಯ ಜಾಬ್ ಆಫರ್ ಪತ್ರ ಕೊಡಿಸುತ್ತೇವೆ, 50 ಅಂಕ ಸಿಗುತ್ತದೆ ಎಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕೊಡಬಹುದೇ?

ಬೇಡ. ಜಾಬ್ ಆಫರ್‌ಗೆ ಕೊಡುತ್ತಿದ್ದ 50 ಅಥವಾ 200 ಸಿಆರ್‌ಎಸ್ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಪತ್ರಗಳ ಮಾರಾಟವೇ ಅದಕ್ಕೆ ಕಾರಣ. ಇನ್ನೂ ಈ ಮಾತು ಹೇಳುತ್ತಿದ್ದಾರೆಂದರೆ ಅವರ ಸ್ಲೈಡು ಹಳೆಯದು, ಇಲ್ಲವೇ ಉದ್ದೇಶ ಕೆಟ್ಟದ್ದು.

ಪ್ರಶ್ನೆ: ಇನ್ವಿಟೇಷನ್ ಬಂದ ಮೇಲೆ ದಾಖಲೆ ಜೋಡಿಸಿಕೊಂಡರೆ ಸಾಕು, 60 ದಿನ ಇರುತ್ತದೆ ಎಂದರು. ನಿಜವೇ?

60 ದಿನ ಎನ್ನುವುದು ನಿಜ, ಸಾಕು ಎನ್ನುವುದು ಸುಳ್ಳು. ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ನೇರವಾಗಿ ಹೋಗಬೇಕಾದ ಇಸಿಎ ಮೌಲ್ಯಮಾಪನವನ್ನು, ಅಂದರೆ ನಿಮ್ಮ ಪದವಿ ಕೆನಡಾದ ಯಾವ ಓದಿಗೆ ಸಮ ಎಂಬ ವರದಿಯನ್ನು, ಎಕ್ಸ್‌ಪ್ರೆಸ್ ಎಂಟ್ರಿಗೆ ಪ್ರೊಫೈಲ್ ಹಾಕುವ ಮೊದಲೇ ಮುಗಿಸಬೇಕು. ಆ ವರದಿಗೆ ಐದು ವರ್ಷ ಮಾನ್ಯತೆ ಇರುತ್ತದೆ. 2025ರ ಆಗಸ್ಟ್ 21ರಿಂದ ವೈದ್ಯಕೀಯ ತಪಾಸಣೆಯನ್ನೂ ಅರ್ಜಿಗೆ ಮುನ್ನವೇ ಮಾಡಿಸಬೇಕು, ಅದೂ ಇಲಾಖೆ ಪಟ್ಟಿಮಾಡಿದ ಪ್ಯಾನೆಲ್ ವೈದ್ಯರಲ್ಲೇ. ಕಳೆದ 10 ವರ್ಷಗಳಲ್ಲಿ ಸತತ ಆರು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ಬೇಕು. ಭಾರತದ್ದು ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ. ಆನ್‌ಸೈಟ್ ಅಂತ ಒಂದು ವರ್ಷ ಹೊರಗಿದ್ದು ಬಂದವರು ಆ ದೇಶದ್ದನ್ನು ಮರೆತು ಕೊನೆಗೆ ಪರದಾಡುತ್ತಾರೆ.

ನಿಜವಾಗಿ ಅರ್ಜಿಗಳು ಮುಗ್ಗರಿಸುವುದು ಅನುಭವ ಪತ್ರದಲ್ಲಿ. ಆಫರ್ ಲೆಟರ್, ರಿಲೀವಿಂಗ್ ಲೆಟರ್ ಸಾಲುವುದಿಲ್ಲ. ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಹುದ್ದೆ, ಸೇರಿದ-ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ ಮತ್ತು ಸವಲತ್ತು, ಮುಖ್ಯವಾಗಿ ಮಾಡುತ್ತಿದ್ದ ಕೆಲಸಗಳ ವಿವರ, ಸಹಿ ಹಾಕಿದವರ ಹೆಸರು ಇರಬೇಕು. ಅಧಿಕಾರಿ ನೋಡುವುದು ಹುದ್ದೆಯ ಹೆಸರನ್ನಲ್ಲ, ನೀವು ಆರಿಸಿದ ಎನ್‌ಒಸಿ (ಕೆನಡಾದ ಉದ್ಯೋಗ ವರ್ಗೀಕರಣ) ಸಂಕೇತದ ಕೆಲಸಗಳಿಗೆ ಪತ್ರದಲ್ಲಿರುವ ಕೆಲಸಗಳು ಹೊಂದುತ್ತವೆಯೇ ಎಂಬುದನ್ನು. ಹಾಗೆಂದು ಎನ್‌ಒಸಿಯ ವಾಕ್ಯಗಳನ್ನೇ ಅಕ್ಷರಶಃ ಇಳಿಸಿದರೆ ಅದೂ ಅನುಮಾನಕ್ಕೆ ದಾರಿ. ದೊಡ್ಡ ಕಂಪನಿಗಳ ಎಚ್‌ಆರ್ ಕೆಲಸದ ವಿವರ ಬರೆದುಕೊಡಲು ಒಪ್ಪದಿದ್ದರೆ, ಎಚ್‌ಆರ್ ಕೊಟ್ಟ ಸರಳ ಪತ್ರ, ಮ್ಯಾನೇಜರ್ ಸಹಿ ಮಾಡಿದ ಕೆಲಸದ ವಿವರ, ಪೇಸ್ಲಿಪ್, ಫಾರ್ಮ್ 16, ಏಕೆ ಹೀಗೆ ಎಂಬ ವಿವರಣೆ ಪತ್ರ, ಇಷ್ಟನ್ನೂ ಸೇರಿಸಿ ಕೊಡಿ. ಈ ಓಡಾಟಕ್ಕೆ ತಿಂಗಳುಗಳೇ ಬೇಕಾಗಬಹುದು.

ಪ್ರಶ್ನೆ: ಪಿಆರ್ ಅರ್ಜಿಗಾಗಿ ಬ್ಯಾಂಕ್ ಖಾತೆಯಲ್ಲಿ ತೋರಿಸಬೇಕಾದ ಹಣವನ್ನು ಕೈಸಾಲ ತಂದು ಇಡಬಹುದೇ?

ಇಲ್ಲ, ಸಾಲದ ಹಣ ಲೆಕ್ಕಕ್ಕಿಲ್ಲ. 2025ರ ಜುಲೈಯಲ್ಲಿ ಪರಿಷ್ಕರಿಸಿದಂತೆ ಒಬ್ಬರಿಗೆ 15,263, ನಾಲ್ವರ ಕುಟುಂಬಕ್ಕೆ 28,362 ಕೆನಡಿಯನ್ ಡಾಲರ್ ಬೇಕು. ಈ ಮೊತ್ತ ವರ್ಷಕ್ಕೊಮ್ಮೆ ಬದಲಾಗುತ್ತದೆ. ಬ್ಯಾಂಕ್ ಪತ್ರದಲ್ಲಿ ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಮತ್ತು ಬಾಕಿ ಸಾಲಗಳೂ ಕಾಣಬೇಕು. ಆದ್ದರಿಂದ ಕೊನೆಯ ವಾರ ತುಂಬಿದ ಹಣ ಎದ್ದು ಕಾಣುತ್ತದೆ. ಸೈಟ್ ಮಾರಿದ ಹಣವಾದರೆ ಕ್ರಯಪತ್ರ, ತಂದೆ ಕೊಟ್ಟದ್ದಾದರೆ ವಾಪಸ್ ಕೇಳುವುದಿಲ್ಲ ಎಂಬ ಉಡುಗೊರೆ ಪತ್ರ ಜೊತೆಗಿರಲಿ.

ಪ್ರಶ್ನೆ: ಮಗಳ ಓದಿಗಾಗಿ ಕಾಲೇಜು ಪ್ರತಿನಿಧಿಗಳ ಸಭೆಗೆ ಹೋಗುತ್ತಿದ್ದೇವೆ. ಏನು ಕೇಳಬೇಕು?

ಕೋರ್ಸಿನ ಬಗ್ಗೆ ಅವರನ್ನು ಕೇಳಿ, ವೀಸಾ ಬಗ್ಗೆ ಇಲಾಖೆಯ ಜಾಲತಾಣವನ್ನು ಕೇಳಿ. ಎಷ್ಟೋ ಏಜೆಂಟರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ, ಅದನ್ನು ನೆನಪಿಟ್ಟುಕೊಂಡು ಕೂರಿ.

ಕೇಳಲೇಬೇಕಾದ ಪ್ರಶ್ನೆ ಒಂದಿದೆ: 'ಈ ಕೋರ್ಸ್ ಮುಗಿಸಿದರೆ ಪಿಜಿಡಬ್ಲ್ಯುಪಿ, ಅಂದರೆ ಓದಿನ ನಂತರದ ಕೆಲಸದ ಪರವಾನಗಿ, ಸಿಗುತ್ತದೆಯೇ? ಬರಹದಲ್ಲಿ ಕೊಡಿ.' ಕಾಲೇಜಿಗೆ ಡಿಎಲ್‌ಐ ಸಂಖ್ಯೆ, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿ, ಇದ್ದರೂ ಅದರ ಎಲ್ಲ ಕೋರ್ಸುಗಳಿಗೂ ಇದು ಸಿಗುವುದಿಲ್ಲ. ಸರ್ಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜು ನಡೆಸುವ ಒಪ್ಪಂದದ ಕೋರ್ಸುಗಳಿಗೆ 2024ರ ಮೇ 15ರ ನಂತರ ಸೇರಿದವರಿಗಂತೂ ಇಲ್ಲ. ಡಿಪ್ಲೊಮಾ ಕೋರ್ಸಾದರೆ ಅದು ಇಲಾಖೆ ಪಟ್ಟಿಮಾಡಿದ ವಿಷಯವಾಗಿರಬೇಕು. 2024ರ ನವೆಂಬರ್‌ನಿಂದ ಭಾಷಾ ಪರೀಕ್ಷೆಯೂ ಕಡ್ಡಾಯ: ವಿಶ್ವವಿದ್ಯಾಲಯದ ಪದವಿಯವರಿಗೆ ಸಿಎಲ್‌ಬಿ 7, ಕಾಲೇಜು ಡಿಪ್ಲೊಮಾದವರಿಗೆ 5.

'ಎಸ್‌ಡಿಎಸ್‌ನಲ್ಲಿ ಬೇಗ ಆಗುತ್ತದೆ' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ವಿದ್ಯಾರ್ಥಿಗಳ ಅರ್ಜಿಯನ್ನು ಬೇಗ ಮುಗಿಸುತ್ತಿದ್ದ ಆ ಯೋಜನೆ 2024ರ ನವೆಂಬರ್ 8ಕ್ಕೇ ಮುಚ್ಚಿದೆ. ಒಬ್ಬ ವಿದ್ಯಾರ್ಥಿಗೆ ಜೀವನವೆಚ್ಚವೆಂದು ತೋರಿಸಬೇಕಾದ ಹಣ 2025ರ ಸೆಪ್ಟೆಂಬರ್ 1ರಿಂದ 22,895 ಡಾಲರ್. ಫೀಸು, ಪ್ರಯಾಣ ಬೇರೆ. ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆಯ ಮಿತಿ. 'ದುಡಿದೇ ಫೀಸು ಕಟ್ಟಬಹುದು' ಎಂಬ ಮಾತನ್ನು ಈ ಗಂಟೆಗಳಿಂದ ಗುಣಿಸಿ ನೋಡಿ.

ಪ್ರಶ್ನೆ: ಹಿಂದೆ ಅಮೆರಿಕದ ವೀಸಾ ನಿರಾಕರಣೆಯಾಗಿತ್ತು. ಕೆನಡಾ ಅರ್ಜಿಯಲ್ಲಿ ಬರೆಯಬೇಡಿ, ಗೊತ್ತಾಗುವುದಿಲ್ಲ ಎಂದು ಸಲಹೆ ಕೊಟ್ಟಿದ್ದಾರೆ.

ಬರೆಯಿರಿ. ಕೆನಡಾ ಅಥವಾ ಬೇರೆ ಯಾವುದೇ ದೇಶ ವೀಸಾ ನಿರಾಕರಿಸಿದೆಯೇ ಎಂದು ನಮೂನೆಯಲ್ಲಿ ನೇರವಾಗಿ ಕೇಳುತ್ತಾರೆ. ಬೆರಳಚ್ಚು ಕೊಟ್ಟ ಮೇಲೆ ಅಮೆರಿಕ ಮತ್ತು ಕೆನಡಾ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆಯೂ ಇದೆ. ಹಿಂದಿನ ನಿರಾಕರಣೆಯೊಂದರಿಂದಲೇ ಪಿಆರ್ ತಪ್ಪುವುದಿಲ್ಲ. ಅದನ್ನು ಮುಚ್ಚಿಟ್ಟರೆ ವಲಸೆ ಕಾಯ್ದೆಯ 40ನೇ ಕಲಂ ಪ್ರಕಾರ ಐದು ವರ್ಷ ನಿಷೇಧ ಬೀಳಬಹುದು, ಸಲಹೆ ಕೊಟ್ಟವರಿಗಲ್ಲ, ಸಹಿ ಹಾಕಿದ ನಿಮಗೆ.

ಪ್ರಶ್ನೆ: ಆನ್‌ಲೈನ್ ಸಭೆಗೆ 'ಈಸ್ಟರ್ನ್ ಟೈಮ್ 11 ಗಂಟೆ' ಎಂದಿತ್ತು. ನಾವು ಲಾಗಿನ್ ಆದಾಗ ಇನ್ನೂ ಶುರುವೇ ಆಗಿರಲಿಲ್ಲ.

ಟೊರಾಂಟೋ, ಒಟ್ಟಾವಾ ಸಮಯ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಹಾಗಾಗಿ ಬೆಳಗಿನ 11 ಎಂದರೆ ಜುಲೈಯಲ್ಲಿ ನಮಗೆ ರಾತ್ರಿ 8.30, ಜನವರಿಯಲ್ಲಿ 9.30. ವ್ಯಾಂಕೂವರಿನವರು ತಮ್ಮ ಬೆಳಗಿನ 11ಕ್ಕೆ ಕರೆದ ಸಭೆಯಾದರೆ ಇನ್ನೂ ತಡ, ನಡುರಾತ್ರಿಯ ಹತ್ತಿರವಾಗುತ್ತದೆ. ನೋಂದಾಯಿಸಿದವರಿಗೆ ರೆಕಾರ್ಡಿಂಗ್ ಕಳಿಸುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.